ಕೋರ್ಟಿಗೆ ಬರೆದುಕೊಟ್ಟ ಮುಚ್ಚಳಿಕೆ

ಶಿವಮೊಗ್ಗದ ಶಿವಪ್ಪ ನಾಯಕ ವೃತ್ತದ ಕಡೆಯಿಂದ ಗಾಂಧಿ ಬಜಾರಿನೊಳಕ್ಕೆ ಕಾಲಿಟ್ಟರೆ ಬಟ್ಟೆ, ಪಾತ್ರೆ, ಬಂಗಾರದ ಜೊತೆಗೆ ಸುದ್ದಿಯೂ ಒಂದು ಸರಕು. ಯಾರ ಚೆಕ್ಕು ವಾಪಸಾಯಿತು, ಯಾರ ಚೀಟಿ ಮುಳುಗಿತು, ಯಾರ ಅಂಗಡಿ ಬಾಡಿಗೆ ಬಾಕಿಯಿದೆ, ಎಲ್ಲವೂ ತೂಕವಿಲ್ಲದೆ, ಬಿಲ್ಲಿಲ್ಲದೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಈಚೆಗೆ ಅಲ್ಲಿನ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ಕರೆದು ಕೂರಿಸಿ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಎರಡು ಕಾಗದ. ಒಂದು ಹಳೆಯದು, ಮಡಿಕೆ ಬಿದ್ದಲ್ಲಿ ಹರಿಯಲು ಶುರುವಾಗಿತ್ತು. ಇನ್ನೊಂದು ಹೊಸದು, ವಕೀಲರ ನೋಟಿಸು.

"ಸಾರ್, ಪೇಪರ್‌ಗೆ ಬರೀತೀರಲ್ಲ, ಸ್ವಲ್ಪ ನೋಡಿ. ಇದು ಬರೀ ರಾಜಿ ಕಾಗದ ಅಲ್ವಾ?" ಅಂದರು.

ಭದ್ರಾವತಿಯಲ್ಲಿ ಅವರಿಗೊಬ್ಬ ಹಳೆಯ ಪಾಲುದಾರರಿದ್ದಾರೆ. ಲೆಕ್ಕದ ಜಗಳ ಬಾಯಿಜಗಳವಾಗಿ, "ಪಾಲುದಾರಿಕೆ ದುಡ್ಡು ನುಂಗಿದ" ಎಂದು ಇವರು ಊರೆಲ್ಲ ಹೇಳಿಕೊಂಡು, ಅವರು ಮಾನನಷ್ಟದ ದಾವೆ ಹೂಡಿ, ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ಬಗೆಹರಿಸಿದ್ದರು. (ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಹಳೆಯ ಕಾಗದದಲ್ಲಿ ಕೋರ್ಟಿನ ಕನ್ನಡ ಹೀಗಿತ್ತು: ಪ್ರತಿವಾದಿಯು ವಾದಿಯ ವಿರುದ್ಧ ಈ ಹಿಂದೆ ಮಾಡಿದ ಆರೋಪಗಳನ್ನು ಇನ್ನು ಮುಂದೆ ಮೌಖಿಕವಾಗಿಯಾಗಲಿ, ಲಿಖಿತವಾಗಿಯಾಗಲಿ, ಸಾಮಾಜಿಕ ಜಾಲತಾಣಗಳ ಮೂಲಕವಾಗಲಿ ಪುನಃ ಮಾಡುವುದಿಲ್ಲವೆಂದು ಈ ಘನ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟಿರುತ್ತಾನೆ. ಕೆಳಗೆ ಇವರ ಸಹಿ, ಪಕ್ಕದಲ್ಲಿ ವಕೀಲರ ಸಹಿ.

ಹೊಸ ಕಾಗದಕ್ಕೆ ಕಾರಣ ವಾಟ್ಸ್‌ಆ್ಯಪ್. ಬಳಗದ ಗುಂಪಿನಲ್ಲಿ ಯಾರೋ ಹಳೆಯ ಪುರಾಣ ಕೆದಕಿದ್ದಾರೆ. ಇವರು ತಮ್ಮ ಹಳೇ ಮೆಸೇಜನ್ನೇ ಹುಡುಕಿ ಫಾರ್ವರ್ಡ್ ಮಾಡಿ, ಕೆಳಗೆ "ಎಲ್ಲರಿಗೂ ಗೊತ್ತಿರೋದೇ" ಎಂದು ಒಂದು ಸಾಲು ಸೇರಿಸಿದ್ದಾರೆ. ಆ ಗುಂಪಿನಲ್ಲಿ ಪಾಲುದಾರರ ಭಾವಮೈದುನನೂ ಇದ್ದ.

ಮುಚ್ಚಳಿಕೆ ಎಂಬ ಪದ ನಮ್ಮ ಕಡೆ ಎಷ್ಟು ಬಳಕೆಯಲ್ಲಿದೆಯೆಂದರೆ ಅದರ ಭಾರವೇ ಇಳಿದುಹೋಗಿದೆ. ಗಣಪತಿ ಹಬ್ಬ ಹತ್ತಿರವಾದರೆ ಪೊಲೀಸರು ರೌಡಿ ಪಟ್ಟಿಯಲ್ಲಿರುವವರನ್ನು ಕರೆಸಿ ಮುಚ್ಚಳಿಕೆ ಬರೆಸುತ್ತಾರೆ. ಗಂಡ ಹೆಂಡಿರ ಜಗಳ ಠಾಣೆ ಹತ್ತಿದರೂ ಒಂದು ಮುಚ್ಚಳಿಕೆ. ಶಾಲೆಯಲ್ಲಿ ತಂಟೆ ಮಾಡಿದ ಹುಡುಗನ ಅಪ್ಪನಿಂದಲೂ ಒಂದು. ಆದ್ದರಿಂದ ಕೋರ್ಟಿನಲ್ಲಿ ಬರೆದುಕೊಟ್ಟದ್ದನ್ನೂ ಜನ ಅದೇ ಸಾಲಿಗೆ ಸೇರಿಸುತ್ತಾರೆ. ತಹಸೀಲ್ದಾರರ ಮುಂದೆ ಬರೆದ ಬಾಂಡು ಮುರಿದರೆ ಬಾಂಡಿನ ಹಣ ಹೋದೀತು, ಕೆಲವೊಮ್ಮೆ ಅವಧಿ ಮುಗಿಯುವವರೆಗೆ ಒಳಗೂ ಹಾಕಬಹುದು. ಮನೆಯ ಜಗಲಿಯಲ್ಲಿ ಹಿರಿಯರ ಎದುರು ಬರೆದ ರಾಜಿಪತ್ರ ಮುರಿದರೆ ಎದುರಾಳಿ ಹೊಸದಾಗಿ ದಾವೆ ಹೂಡಬೇಕು. ಇವೆರಡರಲ್ಲೂ ನ್ಯಾಯಾಂಗ ನಿಂದನೆಯಿಲ್ಲ. ಅದೇ ವಾಕ್ಯ ನ್ಯಾಯಾಧೀಶರ ಮುಂದೆ ದಾಖಲಾಗಿ ಆದೇಶದೊಳಕ್ಕೆ ಸೇರಿತೋ, ಕಥೆ ಬೇರೆ.

ಇಲ್ಲಿ ನಮ್ಮ ಪತ್ರಿಕೆಗಳ ಭಾಷೆಯದೂ ಒಂದು ತಪ್ಪಿದೆ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ನಾವು ಎಲ್ಲದಕ್ಕೂ ನ್ಯಾಯಾಂಗ ನಿಂದನೆ ಎನ್ನುತ್ತೇವೆ. ನಿಂದನೆ ಎಂದ ಕೂಡಲೇ ಯಾರೋ ಜಡ್ಜಿಗೆ ಬೈದಿದ್ದಾರೆ ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಅದೂ ಒಂದು ಬಗೆ. ವಕೀಲ ಪ್ರಶಾಂತ್ ಭೂಷಣ್ ಅವರಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 1 ರೂಪಾಯಿ ದಂಡ ಹಾಕಿದ್ದು ಅಂಥ ಕ್ರಿಮಿನಲ್ ನಿಂದನೆಗೆ. ಆದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 2(ಬಿ) ಕಲಮು ಹೇಳುವ ಸಿವಿಲ್ ನಿಂದನೆಯಲ್ಲಿ ಬೈಗುಳದ ಸುಳಿವೇ ಇಲ್ಲ. ಕೋರ್ಟಿನ ಆದೇಶವನ್ನು ಬೇಕೆಂದೇ ಮೀರುವುದು, ಕೋರ್ಟಿಗೆ ಕೊಟ್ಟ ಮಾತನ್ನು ಬೇಕೆಂದೇ ಮುರಿಯುವುದು, ಇಷ್ಟೇ ಅದರ ತಿರುಳು. ಜಡ್ಜಿನ ಬಗ್ಗೆ ನಿಮಗೆ ಅಪಾರ ಗೌರವವಿರಬಹುದು, ಕೈಮುಗಿದುಕೊಂಡೇ ನಿಂದನೆ ಮಾಡಿರಬಹುದು. ಶಿಕ್ಷೆ 6 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ 2,000 ಇವತ್ತಿಗೆ ಗಾಂಧಿ ಬಜಾರಿನ ಒಂದು ಸಾಧಾರಣ ರೇಷ್ಮೆ ಸೀರೆಗೂ ಸಾಲದು. 1971ರಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಭಯ ಇರುವುದು ಸಜೆಯ ಕಡೆ.

ಅಂಗಡಿಯವರ ಮೊದಲ ಮಾತು, "ಹೇಳಿದ್ದೇನು ಸುಳ್ಳಾ ಸಾರ್? ಲೆಕ್ಕದ ಪುಸ್ತಕ ಇದೆ, ತೋರಿಸ್ಲಾ?"

ಪುಸ್ತಕ ತೆರೆಯುವುದು ಬೇಡ ಎಂದೆ. ಇಡೀ ವಿಷಯದ ಗಂಟು ಇಲ್ಲಿಯೇ ಇರುವುದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಮಾನನಷ್ಟದ ಮೊಕದ್ದಮೆಯಲ್ಲಿ ಸತ್ಯ ಒಂದು ಗುರಾಣಿ. ಸಿವಿಲ್ ದಾವೆಯಲ್ಲಿ ಹೇಳಿದ್ದು ನಿಜವೆಂದು ರುಜುವಾದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ, ಅಂದರೆ ಹಿಂದಿನ ಐಪಿಸಿ 499-500, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ, ನಿಜದ ಜೊತೆಗೆ ಸಾರ್ವಜನಿಕ ಹಿತವೂ ಇರಬೇಕು. ಹಾಗಾಗಿ ಲೆಕ್ಕದ ಪುಸ್ತಕ ಹಾಜರುಪಡಿಸಬೇಕಾದ ಹೊತ್ತು ದಾವೆ ನಡೆಯುತ್ತಿದ್ದಾಗ ಇತ್ತು. ಇವರು ಆಗ ಅದನ್ನು ಮುಚ್ಚಿಟ್ಟು, ಇನ್ನು ಹೇಳುವುದಿಲ್ಲ ಎಂದು ಸಹಿ ಮಾಡಿದರು. ಈಗ ನಿಂದನೆಯ ಅರ್ಜಿ ಹೋದರೆ ಹೈಕೋರ್ಟ್ ಕೇಳುವ ಪ್ರಶ್ನೆ ಒಂದೇ: ಹೇಳುವುದಿಲ್ಲ ಎಂದಿದ್ದಿರಿ, ಹೇಳಿದಿರೋ ಇಲ್ಲವೋ? ಪಾಲುದಾರರು ದುಡ್ಡು ನುಂಗಿದ್ದರೇ ಎಂಬುದು ಆ ಕೊಠಡಿಯ ಬಾಗಿಲ ಹೊರಗೇ ನಿಲ್ಲುತ್ತದೆ.

ಮಲೆನಾಡಿನವರಿಗೆ ಇದು ಅರಗುವುದು ಕಷ್ಟ, ಯಾಕೆಂದರೆ ನಮಗೆ ಆಣೆಯ ಅಭ್ಯಾಸ. ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬೋರ್ಡು ತಗುಲಿಸಿದರೆ ಅಡಿಕೆ ಗೊನೆ ಮುಟ್ಟಲು ಕಳ್ಳನ ಕೈ ನಡುಗುತ್ತದೆ. ಜಗಳ ವಿಪರೀತಕ್ಕೆ ಹೋದರೆ, "ನಡಿ ಧರ್ಮಸ್ಥಳಕ್ಕೆ, ಆಣೆ ಮಾಡು." ಇದು ಬರೀ ಹಳ್ಳಿ ಮಾತಲ್ಲ. ನಮ್ಮದೇ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, 2011ರಲ್ಲಿ, ರಾಜಿಗೆ ದೂತರನ್ನು ಕಳಿಸಿದ್ದರು ಎಂಬ ಎಚ್.ಡಿ. ಕುಮಾರಸ್ವಾಮಿ ಅವರ ಆರೋಪಕ್ಕೆ ಸಿಟ್ಟಾಗಿ, ಮಂಜುನಾಥನ ಸನ್ನಿಧಿಗೆ ಬಂದು ಪ್ರಮಾಣ ಮಾಡಿ ಎಂದು ಪತ್ರಿಕೆಗಳಲ್ಲಿ ಬಹಿರಂಗ ಸವಾಲು ಹಾಕಿದರು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ದರ್ಶನ ಮಾಡಿದರು, ಪ್ರಮಾಣ ಮಾತ್ರ ಮಾಡದೆ ವಾಪಸಾದರು. ಆ ದಿನ ಟೀವಿಯ ಮುಂದೆ ಕೂತಿದ್ದವರಿಗೆ ಮಳೆ ಬಂದೂ ಬಾರದ ಹಾಗಾಗಿತ್ತು.

ಆಣೆ ಕೇಳುವುದು, ನೀನು ಹೇಳಿದ್ದು ನಿಜವೇ ಎಂದು. ಕೋರ್ಟಿನ ಮುಚ್ಚಳಿಕೆ ಕೇಳುವುದು, ನಿಜವೋ ಸುಳ್ಳೋ ಅದಿರಲಿ, ಇನ್ನು ಹೇಳುವುದಿಲ್ಲ ತಾನೆ ಎಂದು. ನಮ್ಮ ಅಂಗಡಿಯವರು ಎರಡನೆಯದಕ್ಕೆ ಸಹಿ ಮಾಡಿ ಮೊದಲನೆಯದರ ಧೈರ್ಯದಲ್ಲಿ ಓಡಾಡುತ್ತಿದ್ದರು.

ದೇಶವೇ ನೋಡಿದ ಪಾಠ ಬೇಕೆಂದರೆ ಪತಂಜಲಿಯ ಪ್ರಕರಣ ನೋಡಬೇಕು. ಅಲೋಪತಿಯನ್ನು ಹೀಗಳೆದು ಜಾಹೀರಾತು ಕೊಡುತ್ತಾರೆಂದು ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2023ರ ನವೆಂಬರ್ 21ರಂದು ಕಂಪನಿಯ ಹಿರಿಯ ವಕೀಲರು, ಔಷಧಿಯ ಗುಣದ ಬಗ್ಗೆಯಾಗಲಿ ಬೇರೆ ವೈದ್ಯ ಪದ್ಧತಿಯ ವಿರುದ್ಧವಾಗಲಿ ಮಾಧ್ಯಮಗಳಿಗೆ ಮನಬಂದ ಹೇಳಿಕೆ ಕೊಡುವುದಿಲ್ಲ ಎಂದು ಭರವಸೆ ಕೊಟ್ಟರು. ಅದು ಆದೇಶದಲ್ಲಿ ದಾಖಲಾಯಿತು. ಮಾರನೆಯ ದಿನವೇ ಬಾಬಾ ರಾಮದೇವ್ ಪತ್ರಿಕಾಗೋಷ್ಠಿ ನಡೆಸಿದರು. ಕೊಟ್ಟ ಮಾತಿನ ಶಾಯಿ ಆರಲೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಮತ್ತೆ ಜಾಹೀರಾತು. 2024ರ ಫೆಬ್ರವರಿ 27ರಂದು ನೋಟಿಸು ಹೊರಟಿತು. ಏಪ್ರಿಲ್‌ನಲ್ಲಿ ರಾಮದೇವ್ ಮತ್ತು ಆಚಾರ್ಯ ಬಾಲಕೃಷ್ಣ ಇಬ್ಬರೂ ಖುದ್ದಾಗಿ ಬಂದು ನಿಂತರು. ಮೊದಲ ಕ್ಷಮೆ ಬಾಯಿಮಾತಿನದೆಂದು ತಳ್ಳಿಹಾಕಲಾಯಿತು, ಎರಡನೆಯದೂ ಒಪ್ಪಿಗೆಯಾಗಲಿಲ್ಲ. 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದ್ದೇವೆ, 10 ಲಕ್ಷ ರೂಪಾಯಿ ಖರ್ಚಾಗಿದೆ ಎಂದಾಗ ನ್ಯಾಯಮೂರ್ತಿ ಹಿಮಾ ಕೊಹ್ಲಿ ಮತ್ತು ಅಹ್ಸಾನುದ್ದೀನ್ ಅಮಾನುಲ್ಲಾ ಅವರ ಪೀಠ ಕೇಳಿದ್ದು ಬಹಳ ಸರಳ ಪ್ರಶ್ನೆ: ನಿಮ್ಮ ಜಾಹೀರಾತುಗಳಷ್ಟೇ ದೊಡ್ಡದಾಗಿ ಹಾಕಿಸಿದ್ದೀರಾ? ಮರುದಿನ ಇನ್ನೂ ದೊಡ್ಡ ಕ್ಷಮಾಪಣೆ ಅಚ್ಚಾಯಿತು. ಆಗಸ್ಟ್ 13ರಂದು ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿದರು.

ಇಷ್ಟಾದ ಮೇಲೂ ಕಥೆ ನಿಲ್ಲಲಿಲ್ಲ. 2025ರ ಏಪ್ರಿಲ್‌ನಲ್ಲಿ ರೂಹ್ ಅಫ್ಜಾ ಶರಬತ್ತಿನ ಬಗ್ಗೆ ರಾಮದೇವ್ ವಿಡಿಯೊದಲ್ಲಿ ಆಡಿದ ಮಾತಿಗಾಗಿ ಹಮ್‌ದರ್ದ್ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. ವಿಡಿಯೊ ತೆಗೆಯುತ್ತೇವೆ ಎಂದು ರಾಮದೇವ್ ಕಡೆಯವರು ಒಪ್ಪಿದರು. ಇನ್ನು ಮುಂದೆ ಇಂಥ ಹೇಳಿಕೆ ಕೊಡುವುದಿಲ್ಲವೆಂದು ಪ್ರಮಾಣಪತ್ರ ಸಲ್ಲಿಸುವಂತೆ ಕೋರ್ಟ್ ಹೇಳಿತು. ಕೆಲವೇ ದಿನಗಳಲ್ಲಿ ಅದೇ ಧಾಟಿಯ ಇನ್ನೊಂದು ವಿಡಿಯೊ. ಮೇಲ್ನೋಟಕ್ಕೆ ಇದು ನಿಂದನೆಯೇ ಎಂದು ನ್ಯಾಯಮೂರ್ತಿ ಅಮಿತ್ ಬನ್ಸಲ್ ಹೇಳಿದ ಮೇಲೆ ಅದನ್ನೂ ತೆಗೆಯಲು ಒಪ್ಪಿದರು. ಹಳೆಯ ಚಾಳಿ ಬಿಡಿಸಲು ಒಂದು ಛೀಮಾರಿ ಸಾಲದು.

ಪತಂಜಲಿಯ ಪ್ರಕರಣದಲ್ಲಿ ಮಾತು ಕೊಟ್ಟದ್ದು ವಕೀಲರು ಎಂಬುದನ್ನು ಗಮನಿಸಬೇಕು. "ವಕೀಲರು ಏನು ಹೇಳಿದರೋ ನನಗೇನು ಗೊತ್ತು" ಎಂಬುದು ನಮ್ಮಲ್ಲಿ ಬಹು ಜನಪ್ರಿಯ ಸಮಜಾಯಿಷಿ. 2023ರಲ್ಲಿ ಬಲವಂತಭಾಯಿ ಸೋಮಾಭಾಯಿ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆದಿದೆ. ಕಕ್ಷಿದಾರರ ಪರವಾಗಿ ವಕೀಲರು ಕೋರ್ಟಿಗೆ ಕೊಟ್ಟ ಭರವಸೆಯೂ ಕಕ್ಷಿದಾರರ ಭರವಸೆಯೇ, ಮುರಿದರೆ ಹೊಣೆ ಅವರದೇ. ವಕಾಲತ್ತಿಗೆ ಸಹಿ ಹಾಕಿದ ಮೇಲೆ ವಕೀಲರು ನಿಂತು ಆಡುವ ಮಾತು ನಿಮ್ಮದೇ ಬಾಯಿ.

ರಾಜಿ ಕಾಗದದ ವಾದಕ್ಕೆ ಬರೋಣ. ಇದು ಪೂರ್ತಿ ಪೊಳ್ಳಲ್ಲ. 1979ರ ಬಾಬು ರಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಒಪ್ಪಿ ಮಾಡಿಕೊಂಡ ಆದೇಶ ಬೇರೆ, ಕೋರ್ಟಿಗೇ ಬರೆದುಕೊಟ್ಟ ಭರವಸೆ ಬೇರೆ ಎಂದಿತ್ತು. ಸ್ಪಷ್ಟ ಭರವಸೆ ಇಲ್ಲದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳಿ, ನಿಂದನೆ ಎನ್ನಬೇಡಿ ಎಂಬ ಅರ್ಥದಲ್ಲಿ. ಬಹಳ ಕಾಲ ವಕೀಲರು ಈ ಬಿರುಕಿನಲ್ಲಿ ನುಸುಳಿಕೊಂಡರು. 2006ರಲ್ಲಿ ರಮಾ ನಾರಂಗ್ ಪ್ರಕರಣ ಅದನ್ನು ಬಹುಮಟ್ಟಿಗೆ ಮುಚ್ಚಿತು: ರಾಜಿಯಿಂದ ಬಂದ ಆದೇಶವೂ ಆದೇಶವೇ, ಬೇಕೆಂದೇ ಮೀರಿದರೆ ಅದೂ ನಿಂದನೆ. ಅಂಗಡಿಯವರ ಕಾಗದದಲ್ಲಂತೂ "ಈ ಘನ ನ್ಯಾಯಾಲಯಕ್ಕೆ" ಎಂಬ ಪದವೇ ಇದೆ. ಬರೆದ ವಕೀಲರು ಕೆಲಸ ಬಲ್ಲವರು.

ಹಾಗಂತ ನೋಟಿಸು ಬಂದ ಕೂಡಲೇ ಜೈಲಿಗೆ ಹೊದಿಕೆ ಕಟ್ಟಿಕೊಳ್ಳಬೇಕಿಲ್ಲ. ಭದ್ರಾವತಿಯ ಕೋರ್ಟಾಗಲಿ, ಶಿವಮೊಗ್ಗದ ಬಾಲರಾಜ ಅರಸ್ ರಸ್ತೆಯ ಜಿಲ್ಲಾ ಕೋರ್ಟಾಗಲಿ 1971ರ ಕಾಯ್ದೆಯಡಿ ಶಿಕ್ಷೆ ಕೊಡುವಂತಿಲ್ಲ. ಆ ಅಧಿಕಾರ ಹೈಕೋರ್ಟಿನದು. ದಾವೆದಾರರು ಬೆಂಗಳೂರಿಗೆ ಹೋಗಿ ಸಿವಿಲ್ ನಿಂದನೆಯ ಅರ್ಜಿ (ಸಿಸಿಸಿ) ದಾಖಲಿಸಬೇಕು. ಅದೂ ಒಂದು ವರ್ಷದೊಳಗೆ. 20ನೇ ಕಲಮಿನ ಪ್ರಕಾರ ಆಮೇಲೆ ಬಾಗಿಲು ಮುಚ್ಚುತ್ತದೆ. ಊರಿನಲ್ಲೇ ಇರುವ ದಾರಿ ಅಮಲ್ಜಾರಿಯದು. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿ ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 32ರಲ್ಲಿ ಅದೇ ಕೋರ್ಟು ಆಸ್ತಿ ಜಪ್ತಿ ಮಾಡಬಹುದು, ಸಿವಿಲ್ ಸೆರೆಗೂ ಕಳಿಸಬಹುದು. ದಾವೆ ಇನ್ನೂ ನಡೆಯುತ್ತಿದ್ದು ತಾತ್ಕಾಲಿಕ ತಡೆಯಾಜ್ಞೆ ಮೀರಿದ್ದರೆ ಆದೇಶ 39, ನಿಯಮ 2ಎ: 3 ತಿಂಗಳವರೆಗೆ ಸೆರೆ. ಇದು ಕಾಗದದ ಹುಲಿಯೆಂದು ತಿಳಿಯಬೇಡಿ. ಘಟ್ಟದ ಕೆಳಗೆ, ಬೆಳ್ತಂಗಡಿಯಲ್ಲಿ, ಧರ್ಮಸ್ಥಳದ ಬಗ್ಗೆ ಆರೋಪ ಮಾಡದಂತೆ ಇದ್ದ ತಡೆಯಾಜ್ಞೆ ಮೀರಿದ್ದಕ್ಕೆ ಹೋರಾಟಗಾರರೊಬ್ಬರಿಗೆ 3 ತಿಂಗಳ ಸಜೆಯಾಗಿ, 2022ರಲ್ಲಿ ಅವರು ಜೈಲಿಗೆ ಹೋದರು.

ಇಲ್ಲಿ ನನ್ನದೊಂದು ತಕರಾರು ಹೇಳಲೇಬೇಕು. ತಡೆಯಾಜ್ಞೆಗೂ ಮುಚ್ಚಳಿಕೆಗೂ ಅಂತರವಿದೆ. ತಡೆಯಾಜ್ಞೆಯನ್ನು ಎಷ್ಟೋ ಸಲ ಎದುರು ಪಕ್ಷದ ಮಾತು ಕೇಳುವ ಮೊದಲೇ ಹೊರಡಿಸುತ್ತಾರೆ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಮಂದಿ ಸಚಿವರು ಒಟ್ಟಿಗೆ ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ಇನ್ನೂ ಪ್ರಕಟವಾಗದ ಸುದ್ದಿಯ ವಿರುದ್ಧ ಹತ್ತಾರು ಮಾಧ್ಯಮಗಳ ಮೇಲೆ ತಡೆ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದಲ್ಲಿ ಸಾವಿರಾರು ಲಿಂಕುಗಳ ಮೇಲೆ ಒಂದೇ ಏಟಿಗೆ ನಿರ್ಬಂಧ ಬಂತು. ಅದನ್ನು ಪ್ರಶ್ನಿಸಿದ ಯೂಟ್ಯೂಬ್ ಚಾನೆಲ್ಲೊಂದರ ಮಟ್ಟಿಗೆ ಹೈಕೋರ್ಟ್ ಆಗಸ್ಟ್‌ನಲ್ಲಿ ಅದನ್ನು ರದ್ದು ಮಾಡಿತು. ವಿಚಾರಣೆಗೆ ಮುಂಚೆ ಬರಹಕ್ಕೆ ಬೀಗ ಹಾಕುವಾಗ ಕೈ ಬಿಗಿಹಿಡಿಯಿರಿ ಎಂದು ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಕೆಳ ಕೋರ್ಟುಗಳಿಗೆ ತಿಳಿಹೇಳಿದೆ. ಕೊನಗವಳ್ಳಿಯ ಪತ್ರಕರ್ತ ಲಂಕೇಶರು ಹುಟ್ಟಿದ ಜಿಲ್ಲೆ ಇದು. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ನಾಡಿನ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಹೋಗುತ್ತಿದ್ದುದೂ ಇಲ್ಲಿಂದ. ಸಾರಾಸಗಟು ಬಾಯಿಕಟ್ಟುವ ಆದೇಶ ನೋಡಿದರೆ ಈ ಊರಿನವನಿಗೆ ಮೈ ಉರಿಯುವುದು ಸಹಜ. ಆದರೂ ಅಂಥ ಆದೇಶವನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬೇಕೇ ಹೊರತು, ಚಾಲ್ತಿಯಲ್ಲಿರುವಾಗ ಮೀರುವಂತಿಲ್ಲ.

ಮುಚ್ಚಳಿಕೆಯ ವಿಷಯದಲ್ಲಿ ಆ ಸಿಟ್ಟಿಗೂ ಜಾಗವಿಲ್ಲ. ಅಲ್ಲಿ ಬೀಗ ಹಾಕಿದ್ದು ನೀವೇ, ಅದಕ್ಕೆ ಬದಲಾಗಿ ಮೊಕದ್ದಮೆಯಿಂದ ಬಿಡುಗಡೆ ಪಡೆದದ್ದೂ ನೀವೇ. ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಅವರ ವಿರುದ್ಧ ಐಪಿಎಸ್ ಅಧಿಕಾರಿ ಡಿ. ರೂಪಾ 2023ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದದ್ದು ರಾಜ್ಯಕ್ಕೆಲ್ಲ ನೆನಪಿದೆ. ಡಿಸೆಂಬರಿನಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠದ ಮುಂದೆ ಬಂದಾಗ, ಪೋಸ್ಟುಗಳನ್ನು ಅಳಿಸಲು ರೂಪಾ ಒಪ್ಪಿದರು. ಆ ಜಗಳದ ಸರಿತಪ್ಪು ನನ್ನ ವಿಷಯವಲ್ಲ. ಅಲ್ಲಿಯವರೆಗೆ ಇಬ್ಬರು ಅಧಿಕಾರಿಗಳ ನಡುವೆ ಇದ್ದದ್ದು, ಆ ಒಪ್ಪಿಗೆಯ ಮಟ್ಟಿಗೆ, ಒಬ್ಬ ಅಧಿಕಾರಿ ಮತ್ತು ಕೋರ್ಟಿನ ನಡುವಿನ ಮಾತಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಇಂಗ್ಲೆಂಡಿನಲ್ಲಿ ಕೈ ಇನ್ನೂ ಬಿಗಿ. ಟಾಮಿ ರಾಬಿನ್ಸನ್ ಎಂಬ ಬಲಪಂಥೀಯ ಪ್ರಚಾರಕ, ಸಿರಿಯಾದ ನಿರಾಶ್ರಿತ ಶಾಲಾ ಬಾಲಕನೊಬ್ಬನ ಬಗ್ಗೆ ಸುಳ್ಳು ಹಬ್ಬಿಸಿ 2021ರಲ್ಲಿ ಮಾನನಷ್ಟ ದಾವೆ ಸೋತ. 1 ಲಕ್ಷ ಪೌಂಡ್ ಪರಿಹಾರ, ಜೊತೆಗೆ ಆ ಆರೋಪಗಳನ್ನು ಮತ್ತೆ ಹೇಳಬಾರದೆಂಬ ಆಜ್ಞೆ. ಆತ ಅದೇ ಆರೋಪಗಳ ಸಿನಿಮಾ ಮಾಡಿ 2024ರ ಜುಲೈನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ತೋರಿಸಿದ. ಅಕ್ಟೋಬರಿನಲ್ಲಿ 18 ತಿಂಗಳ ಸಜೆ. ನನಗೆ ಸ್ವಾರಸ್ಯ ಕಂಡದ್ದು ಆ 18ರ ಲೆಕ್ಕದಲ್ಲಿ: 14 ತಿಂಗಳು ಮಾಡಿದ ತಪ್ಪಿಗೆ, 4 ತಿಂಗಳು ಮಾತು ಕೇಳುವಂತೆ ಮಾಡಲು. ಇನ್ನು ಆಜ್ಞೆ ಮೀರುವುದಿಲ್ಲವೆಂದು ಆತ ಮುಂದಿನ ವರ್ಷ ಒಪ್ಪಿದಾಗ ಆ 4 ತಿಂಗಳನ್ನು ಕೋರ್ಟ್ ಮನ್ನಾ ಮಾಡಿತು.

ಕ್ಷಮೆಗೆ ನಮ್ಮ ಕಾಯ್ದೆಯಲ್ಲೂ ಜಾಗವಿದೆ. 12ನೇ ಕಲಮಿನಡಿ ಮನಃಪೂರ್ವಕ ಕ್ಷಮೆ ಕೇಳಿದರೆ ಕೋರ್ಟು ಶಿಕ್ಷೆ ಬಿಡಬಹುದು. "ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದವಿದೆ" ಎಂಬ ನಮ್ಮ ರಾಜಕಾರಣಿಗಳ ಸಿದ್ಧ ವಾಕ್ಯ ಅಲ್ಲಿ ನಡೆಯುವುದು ಅನುಮಾನ. ನೊಂದವರು ಯಾರು ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಏನು ಬರೆದುಕೊಟ್ಟಿದ್ದೆ, ಯಾವ ದಿನ ಹೇಗೆ ಮುರಿದೆ, ಸರಿಪಡಿಸಲು ಏನು ಮಾಡಿದೆ ಎಂಬ ಮೂರಕ್ಕೆ ನೇರ ಉತ್ತರ ಇರಬೇಕು.

ಇದನ್ನೆಲ್ಲ ಅಂಗಡಿಯವರಿಗೆ ಇಷ್ಟು ಉದ್ದ ಹೇಳಲಿಲ್ಲ. ನನ್ನ ವಕೀಲ ಗೆಳೆಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಎರಡೇ ಪ್ರಶ್ನೆ ಕೇಳಿದರು. "ಸಹಿ ಮಾಡೋವಾಗ ಓದಿದ್ರಾ?"

"ಹಿರಿಯರು ಹೇಳಿದ್ರು, ಮಾಡ್ದೆ."

"ಆ ಲೆಕ್ಕದ ಬಗ್ಗೆ ಹೊಸದಾಗಿ ಏನಾದ್ರೂ ದಾಖಲೆ ಸಿಕ್ಕಿದ್ಯಾ?"

"ಇಲ್ಲ ಸಾರ್, ಹಳೇದೇ."

ಹೊಸ ದಾಖಲೆ ಸಿಕ್ಕಿದ್ದರೆ ಅದನ್ನು ಕೋರ್ಟಿನ ಮುಂದಿಟ್ಟು, ಮುಚ್ಚಳಿಕೆಯಿಂದ ಬಿಡಿಸಿ ಎಂದು ಅರ್ಜಿ ಹಾಕಿಯಾದರೂ ನೋಡಬಹುದಿತ್ತು, ಅದು ಬಿಟ್ಟು ಗುಂಪಿನಲ್ಲಿ ಹಾಕುವುದಲ್ಲ ಎಂದು ಗೆಳೆಯರು ಸ್ವಲ್ಪ ಖಾರವಾಗಿಯೇ ಹೇಳಿದರು. ನಾಳೆ ಎರಡೂ ಕಾಗದ ತೆಗೆದುಕೊಂಡು ಬನ್ನಿ, ಮೆಸೇಜಿನ ಸ್ಕ್ರೀನ್‌ಶಾಟ್ ಇರಲಿ, ಏನನ್ನೂ ಮುಚ್ಚಿಡಬೇಡಿ, ಮೊದಲು ಉತ್ತರ ಬರೆಯೋಣ ಎಂದರು.

ಫೋನ್ ಇಟ್ಟ ಮೇಲೆ ಅಂಗಡಿಯವರು ಸ್ಕ್ರೀನ್‌ಶಾಟ್ ತೆಗೆದು, ಆ ಗುಂಪಿನಲ್ಲಿ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದರು. ಹಾಕಿ ಹನ್ನೊಂದು ದಿನವಾಗಿತ್ತು. ಎಲ್ಲರಿಗೂ ಅಳಿಸುವ ಆಯ್ಕೆ ಕಾಣಲಿಲ್ಲ. "ನನಗೆ ಮಾತ್ರ ಅಳಿಸು ಅಂತ ತೋರಿಸ್ತಿದೆ ಸಾರ್" ಎಂದು ಫೋನನ್ನು ನನ್ನತ್ತ ತಿರುಗಿಸಿದರು. ಅಷ್ಟರಲ್ಲಿ ಗಿರಾಕಿ ಬಂದರು. ಮಗಳ ಮದುವೆಗೆ ಸೀರೆ ನೋಡಬೇಕಂತೆ.